ಕಾಯಿ ಚಟ್ನಿಯ ಗುಟ್ಟು

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಬೆಳಿಗ್ಗೆ ನಾನು ಮೊದಲ ಸಲ ಮನೆ ಬಿಟ್ಟೆ. ಆಮೇಲೆ ಎಲ್ಲೂ ನಿಂತವನಲ್ಲ. ಹಾಗೇ ಗುಜರಾತಿನ ವಡೋದರಾಕ್ಕೆ ಬಂದು, ಅಲ್ಕಾಪುರಿ ಬಡಾವಣೆಯ ಉಡುಪಿ ಹೋಟೆಲೊಂದರಲ್ಲಿ ಬಡಿಸುತ್ತಿದ್ದೆ. ಒಮ್ಮೆ ನಾನಾ ದೇಶಗಳ ಅಲರ್ಜಿ ವೈದ್ಯರ ಸಂಘಗಳು ಸೇರಿ ಕಟ್ಟಿಕೊಂಡ ಒಕ್ಕೂಟದ ಸಭೆ ಆ ಊರಲ್ಲಿ ನಡೆಯಿತು. ತಿಂಡಿ ನಮ್ಮ ಹೋಟೆಲಿನದೇ.

ವಿದೇಶಿ ಡಾಕ್ಟರಮ್ಮ ಒಬ್ಬರು ಚಟ್ನಿ ತೋರಿಸಿ, "ಪೀನಟ್ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಿಂದರೆ ಉಸಿರು ಕಟ್ಟುತ್ತದೆಂದು ಗಂಟಲು ಹಿಡಿದು ತೋರಿಸಿದರು.

"ನೋ ಮೇಡಂ, ಕಾಯಿ ಚಟ್ನಿ," ಎಂದೆ, ದಿನಾ ಗಿರಾಕಿಗಳಿಗೆ ಹೇಳುವ ಹಾಗೆ.

ಅವರು ಅತ್ತ ಹೋದ ಮೇಲೆ ನೆನಪಾಯಿತು. ಇಲ್ಲಿ ತೆಂಗಿನಕಾಯಿ ದುಬಾರಿ, ಶೇಂಗಾ ಧಾರಾಳ. ನಮ್ಮ ಕಾಯಿ ಚಟ್ನಿಯಲ್ಲಿ ಅರ್ಧ ಶೇಂಗಾವೇ! ಓಡಿದೆ. ಇಡ್ಲಿಯ ತುಂಡು ಅವರ ಬಾಯಿಯ ಹತ್ತಿರವಿತ್ತು. ಕೈಯಿಂದ ಕಿತ್ತೆಸೆದು, "ಪೀನಟ್ ಇದೆ ಮೇಡಂ!" ಎಂದು ಕೂಗಿದೆ.

ಅವರು ಬಿಳಿಚಿಕೊಂಡು ಕುಳಿತರು. ತುಟಿಗೂ ತಾಗಿಲ್ಲವೆಂದು ತಲೆಯಾಡಿಸಿದ ಮೇಲೇ ನಾನು ಉಸಿರು ಬಿಟ್ಟಿದ್ದು.

ಹೋಟೆಲಿನ ಶೆಟ್ಟರು ನನ್ನನ್ನು ಮೂಲೆಗೆ ಎಳೆದರು. "ಜಗತ್ತಿಗೆಲ್ಲ ಸಾರಿಬಿಟ್ಟೆಯಲ್ಲ ಮಾರಾಯ! ನಾಳೆಯಿಂದ ಬರಬೇಡ."

"ಅವರ ಜೀವ ಹೋಗ್ತಿತ್ತು, ಶೆಟ್ರೇ."

"ನನ್ನ ಮಾನ ಹೋಯ್ತಲ್ಲ!"

ಸಂಜೆ ಚೀಲ ತುಂಬಿಕೊಂಡೆ. ಸೂರತ್ತಿನ ಉಧ್ನಾದಲ್ಲಿ ಸೀರೆ ಮಡಿಸುವ ಕೆಲಸ ಇದೆಯಂತೆ. ಸೀರೆಯನ್ನು ಯಾರೂ ತಿನ್ನುವುದಿಲ್ಲ, ನನಗಷ್ಟು ಸಾಕು.