ಚುಕ್ಕಾಣಿ ಒತ್ತಿದ ಕೈ

ಅವತ್ತು ದೋಣಿ ತಿರುಗಿಸಿದ್ದು ಚಂದ್ರಣ್ಣ ಅಲ್ಲ, ನಾನು. ಅವರ ಹೆಂಡತಿ ಗಿರಿಜಕ್ಕನ ಬಲಗಣ್ಣು ಹೋದದ್ದು ಗಂಡನಿಗೆ ಸಮಯಕ್ಕೆ ಬಾಯಿ ಬಾರದ್ದರಿಂದ ಅಲ್ಲ, ನನ್ನ ಕೈಯಿಂದ. ಇದನ್ನು ಹೇಳಲು ಇಷ್ಟು ವರ್ಷ ಹಿಡಿಯಿತು ಎಂದು ಬರೆಯಹೊರಟಿದ್ದೆ—ಅದೂ ಸುಳ್ಳಾಗುತ್ತದೆ. ಹೇಳುವ ಅವಕಾಶ ಎಷ್ಟೋ ಸಲ ಬಂದಿತ್ತು. ಒಮ್ಮೆಯಂತೂ ಗಿರಿಜಕ್ಕನೇ ನನ್ನ ಮುಂದೆ ನಿಂತು ಕೇಳಿದ್ದರು. ಆಗಲೂ ನಾನು—ಇರಲಿ, ಮೊದಲಿನಿಂದ ಹೇಳುತ್ತೇನೆ.

ಸವದತ್ತಿಯ ಹಿನ್ನೀರಿನ ದಂಡೆಯಲ್ಲಿ ಹಾಯಿದೋಣಿಗಳದೊಂದು ಕ್ಲಬ್ಬಿದೆ. ಅದನ್ನು ಕಟ್ಟಿದವನೂ ನಡೆಸಿದವನೂ ನಾನೇ. ನನ್ನೂರು ಸಾಲಹಳ್ಳಿ. ಹರೆಯವನ್ನೆಲ್ಲ ನೌಕಾಪಡೆಯಲ್ಲಿ ಕಳೆದು ಬಂದವನಿಗೆ ಹೊಲ ನೋಡಿಕೊಂಡು ಸುಮ್ಮನೆ ಕೂರಲು ಆಗಲಿಲ್ಲ. ಮುಂಬೈ ಕಡೆ ಯಾರೋ ಮಾರಲಿಟ್ಟಿದ್ದ ಹಳೆಯ ದೋಣಿಗಳನ್ನು ಲಾರಿಯಲ್ಲಿ ತರಿಸಿ, ತೇಪೆ ಹಾಕಿ ನೀರಿಗಿಳಿಸಿದೆ. ಮೊದಮೊದಲು ಜನ ದಂಡೆಯ ಮೇಲೆ ನಿಂತು ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದರು—ಸವದತ್ತಿಯ ಡಾಕ್ಟರು, ರಾಮದುರ್ಗದ ದೇಶಪಾಂಡೆ ಮಾಸ್ತರರು, ಕಿತ್ತೂರಿನ ಬೀಜದ ವ್ಯಾಪಾರಿಗಳು. ಹಿನ್ನೀರು ತುಂಬಿದಾಗ ಆಚೆ ದಂಡೆಗೆ ಊಟ ಕಟ್ಟಿಕೊಂಡು ಹೋಗುತ್ತಿದ್ದೆವು; ಬೇಸಿಗೆಯಲ್ಲಿ ನೀರು ಇಳಿದರೆ ಕಾರವಾರದ ಕಡಲಿಗೆ. ಯಾರು ಯಾವ ದೋಣಿಯಲ್ಲಿ ಕೂರಬೇಕು, ಯಾರ ಗಾಡಿಯಲ್ಲಿ ಯಾರು ಬರಬೇಕು, ರೊಟ್ಟಿ ಯಾರ ಮನೆಯದು, ಶೇಂಗಾ ಚಟ್ನಿ ಯಾರದು—ಎಲ್ಲ ನಾನು ಹೇಳಿದಂತೆ ನಡೆಯುತ್ತಿತ್ತು. ದಂಡೆಯಲ್ಲಿ ನಿಂತು ಕೂಗಿದರೆ ನಡುನೀರಿನ ದೋಣಿಗೂ ಕೇಳುವಂಥ ಗಂಟಲು ನನ್ನದು. ಆ ಗಂಟಲಿನ ಮೇಲೆ ನನಗೆ ಬಹಳ ಸೊಕ್ಕಿತ್ತು.

ಚಂದ್ರಣ್ಣನಿಗೆ ಇಲ್ಲದ್ದು ಆ ಗಂಟಲೇ. ಬೈಲಹೊಂಗಲದ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಮಾತು ತೊದಲುತ್ತಿತ್ತು—ಕೆಲವೊಮ್ಮೆ ಮೊದಲಿನ ಅಕ್ಷರದಲ್ಲೇ, ಕೆಲವೊಮ್ಮೆ ಹೇಳುತ್ತ ಹೇಳುತ್ತ ಕೊನೆಯಲ್ಲಿ. ಗಿರಾಕಿಗೆ ಸೀರೆಯ ಬೆಲೆ ಹೇಳುವಷ್ಟರಲ್ಲಿ ಕೊರಳಿನ ನರ ಉಬ್ಬುತ್ತಿತ್ತು. ಆದರೆ ಚುಕ್ಕಾಣಿ ಹಿಡಿದರೆ ಅವರು ಬೇರೆಯೇ ಮನುಷ್ಯ. ಗಾಳಿ ಬರುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ನಾನು ಕಲಿಸಿದ್ದನ್ನು ಒಂದೇ ಮಳೆಗಾಲದಲ್ಲಿ ಕಲಿತು, ನಾನು ಕಲಿಸದೇ ಇದ್ದದ್ದನ್ನೂ ಮಾಡತೊಡಗಿದರು.

ಹಾಯಿಯ ತಳಕ್ಕೆ ಒಂದು ಅಡ್ಡಕೋಲು ಇರುತ್ತದೆ. ದೋಣಿ ತಿರುಗಿದಾಗ ಅದು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬೀಸಿ ಬರುತ್ತದೆ. ಗಾಳಿ ಬೆನ್ನಿಗಿದ್ದರಂತೂ ಕೊಡಲಿ ಬೀಸಿದ ಹಾಗೆ. ಆದ್ದರಿಂದ ಚುಕ್ಕಾಣಿ ಹಿಡಿದವರು ಮೊದಲು ಕೂಗಬೇಕು, ಎಲ್ಲರೂ ತಲೆ ಬಗ್ಗಿಸಬೇಕು, ಆಮೇಲೆ ತಿರುಗಿಸಬೇಕು. ಚಂದ್ರಣ್ಣ ಅದನ್ನು ಹಾಡುತ್ತಿದ್ದರು. ರಾಶಿ ಮಾಡುವಾಗ ಹಾಡುವ ಧಾಟಿಯಲ್ಲಿ, "ತಲೀ ಬಗ್ಗಸ್ರೆಪ್ಪೋ, ತಲೀ ಬಗ್ಗಸ್ರಿ" ಎಂದು. ಹಾಡಿದರೆ ಅವರ ಮಾತು ತೊದಲುತ್ತಿರಲಿಲ್ಲ.

ಜನರಿಗೆ ಅದು ಹಿಡಿಸಿತು. ಬೇರೆ ದೋಣಿಯವರೂ ಹಾಡತೊಡಗಿದರು. ಪ್ರವಾಸಕ್ಕೆ ಹೊರಡುವಾಗ, "ಗೌಡ್ರ, ನಮ್ಮನ್ನ ಚಂದ್ರಣ್ಣನ ದೋಣ್ಯಾಗ ಹಾಕ್ರಿ" ಎಂದು ನನ್ನನ್ನೇ ಕೇಳುವರು. ನನ್ನ ದೋಣಿ ಅರ್ಧ ಖಾಲಿ ಹೋಗುತ್ತಿತ್ತು. ನಾನು ನಗುತ್ತಲೇ ಒಪ್ಪಿಕೊಳ್ಳುತ್ತಿದ್ದೆ. ಆದರೆ ಒಳಗೆ—ಎರಡು ಮಾತು ನೆಟ್ಟಗೆ ಆಡಲಾರದ ಮನುಷ್ಯ ನನ್ನ ಕ್ಲಬ್ಬಿನಲ್ಲಿ ನನಗಿಂತ ದೊಡ್ಡವನಾಗುವುದೇ? ಈ ಮಾತನ್ನು ನಾನು ಮನಸ್ಸಿನಲ್ಲಿ ಇಷ್ಟೇ ಸ್ಪಷ್ಟವಾಗಿ ಅಂದುಕೊಂಡಿದ್ದೇನೆ. ಗೊತ್ತಿಲ್ಲದೆ ಆಗಿಬಿಟ್ಟಿತು ಎನ್ನಲು ಬರುವುದಿಲ್ಲ.

ಹಿನ್ನೀರು ತುಂಬಿದ್ದ ಆ ವರ್ಷ ಆಚೆ ದಂಡೆಗೆ ಹೊರಡುವ ಮುಂಜಾನೆ, ಎಲ್ಲರೂ ಸೇರಿದ್ದಾಗ ನಾನು ಚಂದ್ರಣ್ಣನಿಗೆ ಹೇಳಿದೆ: "ಇದು ಭಜನಿ ಅಲ್ರೀ. ಇವತ್ತಿಂದ ಹಾಡಂಗಿಲ್ಲ. ಮಾತಿನ್ಯಾಗ ಹೇಳ್ರಿ, ಇಲ್ಲಾಂದ್ರ ಚುಕ್ಕಾಣಿ ಬಿಡ್ರಿ." ಪಕ್ಕದಲ್ಲಿ ಗಿರಿಜಕ್ಕ ಊಟದ ಬುತ್ತಿ ಹಿಡಿದು ನಿಂತಿದ್ದರು. ಅವರು ಕ್ಲಬ್ಬಿನ ಪ್ರವಾಸಕ್ಕೆ ಬಂದದ್ದು ಅದೇ ಮೊದಲು. ಗಂಡ ಮನೆಯಲ್ಲಿ ದೋಣಿಯ ಸುದ್ದಿಯನ್ನೇ ಹೇಳುತ್ತಿದ್ದರಂತೆ, ನೋಡಲು ಬಂದಿದ್ದರು. ನಾನು ಬೇಕೆಂದೇ ಅವರ ಮುಂದೆ ಹೇಳಿದೆ. ಚಂದ್ರಣ್ಣ ಹೂಂ ಎಂದು ತಲೆ ಆಡಿಸಿದರು, ಅಷ್ಟೇ.

ಊಟ ಮುಗಿಸಿ ಹಿಂತಿರುಗುವಾಗ ಗಾಳಿ ಬೆನ್ನಿಗಿತ್ತು. ನಾವು ನಾಲ್ವರು ಒಂದು ದೋಣಿಯಲ್ಲಿ: ಚುಕ್ಕಾಣಿ ಹಿಡಿದು ಚಂದ್ರಣ್ಣ, ಅವರ ಮಗ್ಗುಲಿಗೆ ನಾನು, ಎದುರಿಗೆ ಗಿರಿಜಕ್ಕ ಮತ್ತು ದೇಶಪಾಂಡೆ ಮಾಸ್ತರರು. ನಮ್ಮ ದಂಡೆಯ ಕಡೆ ತಿರುಗುವ ಜಾಗ ಬಂತು.

"ಚಂದ್ರಣ್ಣ, ತಿರಗಸ್ರಿ. ಹೇಳಿ ತಿರಗಸ್ರಿ," ಎಂದೆ.

"ತ... ತ..."

ಅವರು ತಿರುಗಿಸಲಿಲ್ಲ. ಹೇಳುವ ತನಕ ತಿರುಗಿಸಬಾರದು ಎಂಬುದು ಅವರಿಗೆ ಗೊತ್ತಿತ್ತು. ನಾನೇ ಕಲಿಸಿದ್ದು. ಚುಕ್ಕಾಣಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಆ ಒಂದು ಅಕ್ಷರವನ್ನು ಹೊರಗೆ ತಳ್ಳಲು ಒದ್ದಾಡುತ್ತಿದ್ದರು.

"ತ ತ ತ—ಏನ್ರಿ ಚಂದ್ರಣ್ಣ, ಪಂಪಸೆಟ್ ಚಾಲೂ ಮಾಡಾಕ ಹತ್ತೀರೇನು?" ಎಂದು ಅಣಕಿಸಿದೆ.

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಿಜಕ್ಕ ನಗಲಿಲ್ಲ. ಅವರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, ಏನೋ ಹೇಳಲು ಅರ್ಧ ಎದ್ದರು. ಆಗ ನಾನು ಚಂದ್ರಣ್ಣನ ಕೈಯ ಮೇಲೆ ಕೈ ಇಟ್ಟು ಚುಕ್ಕಾಣಿಯನ್ನು ಒತ್ತಿದೆ.

ಗಿರಿಜಕ್ಕ ಎದ್ದದ್ದನ್ನು ನಾನು ನೋಡಿದ್ದೆನೇ? ನೋಡಿದ್ದೆ. ಹೊಡೆತ ಬೀಳುತ್ತದೆಂದು ಎಣಿಸಿರಲಿಲ್ಲ, ಅದು ನಿಜ—ಆದರೆ ಬೀಳುವುದಿಲ್ಲವೆಂದೂ ಎಣಿಸಲಿಲ್ಲ. ಅವರ ಬಗ್ಗೆ ನಾನು ಏನನ್ನೂ ಎಣಿಸಲಿಲ್ಲ. ಈ ಮನುಷ್ಯನ ಬಾಯಿಗಾಗಿ ಗಾಳಿ ಕಾಯುವುದಿಲ್ಲ ಎಂಬುದು ಎಲ್ಲರ ಕಣ್ಣಿಗೆ ಬೀಳಬೇಕು, ಅಷ್ಟೇ ನನ್ನ ತಲೆಯಲ್ಲಿತ್ತು. ಅಡ್ಡಕೋಲು ಬೀಸಿ ಬಂದು ಅವರ ಬಲಗಣ್ಣಿನ ಮೇಲೆ ಬಡಿಯಿತು. ಸದ್ದು ಸಣ್ಣದಿತ್ತು. ಅವರು ಕೂಗಲೂ ಇಲ್ಲ. ಗಂಡನ ಕಾಲ ಮೇಲೆ ಬಿದ್ದರು.

ದಂಡೆ ಮುಟ್ಟಿದಾಗ ಡಾಕ್ಟರು ಓಡಿ ಬಂದರು. "ಏನಾತು? ಯಾರು ತಿರಗಿಸಿದ್ರು?"

ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚಂದ್ರಣ್ಣ ತಲೆ ಎತ್ತಿದರು. "ನಾ... ನಾ ತಿರಗಸಿ... ತಿರಗಸಿ..."

ನಮ್ಮ ಭಾಷೆಯಲ್ಲಿ 'ಇಲ್ಲ' ಎಂಬುದು ಕೊನೆಗೆ ಬರುತ್ತದೆ. ಅವರು ಅಲ್ಲಿಗೆ ಮುಟ್ಟುವ ಮೊದಲೇ ಅವರ ಮಾತನ್ನು ನಾನು ಮುಗಿಸಿದೆ.

"ನಾ ತಿರಗಸಿದೆ ಅನ್ನಾಕ ಹತ್ಯಾರ. ಹೇಳಾಕ ಬಾಯಿ ಬರಲಿಲ್ಲ ಪಾಪ ಅವರಿಗೆ."

ಚಂದ್ರಣ್ಣ ಜೋರಾಗಿ ತಲೆ ಅಲ್ಲಾಡಿಸಿದರು. ನೋಡಿದವರು ಅದನ್ನು ಸಂಕಟ ಎಂದುಕೊಂಡರು. ಮಾಸ್ತರರು ಅವರ ಬಾಯನ್ನು ನೋಡಿ ನಗುತ್ತಿದ್ದವರು; ನನ್ನ ಕೈಯನ್ನು ನೋಡಿರಲಿಲ್ಲ. ಗಿರಿಜಕ್ಕ ನೋಡಿದ್ದು ನನ್ನ ಮುಖವನ್ನು. ನನ್ನ ಕೈ ಗೊತ್ತಿದ್ದದ್ದು ಅದರ ಕೆಳಗೆ ಕೈ ಇದ್ದ ಚಂದ್ರಣ್ಣನಿಗೆ ಮಾತ್ರ.

ಗಿರಿಜಕ್ಕನನ್ನು ಧಾರವಾಡದ ಆಸ್ಪತ್ರೆಗೆ ನನ್ನ ಜೀಪಿನಲ್ಲೇ ಒಯ್ದೆವು. ಹಗಲೆಲ್ಲ ಬಾಗಿಲಲ್ಲಿ ನಾನು ನಿಂತಿರುತ್ತಿದ್ದೆ, ಓಡಾಡುತ್ತಿದ್ದೆ, ಚಹಾ ತರುತ್ತಿದ್ದೆ. ಎಂಥ ದೇವರಂಥ ಮನುಷ್ಯ ಎಂದು ಅವರ ತವರಿನವರು ನನ್ನನ್ನು ಹೊಗಳಿದರು. ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ.

ಆಮೇಲೆ ನಾನು ಮಾಡಿದ್ದು ದೋಣಿಯಲ್ಲಿ ಮಾಡಿದ್ದಕ್ಕಿಂತ ಕೆಟ್ಟದ್ದು.

ಅವರು ಮನೆಗೆ ಬಂದ ಮೇಲೆ ಒಂದು ದಿನ ನೋಡಲು ಹೋದೆ. ಗಿರಿಜಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಚಂದ್ರಣ್ಣ ಬಾಗಿಲ ಹತ್ತಿರ ನಿಂತಿದ್ದರು. ಗಿರಿಜಕ್ಕ ನೇರವಾಗಿ ಕೇಳಿದರು:

"ಗೌಡ್ರ, ಇವರು ಹಿಂಗಂತಾರ—ಚುಕ್ಕಾಣಿ ಒತ್ತಿದವರು ನೀವಂತ. ಖರೇ ಏನ್ರಿ? ಖರೇ ಇದ್ರ ಹೇಳ್ರಿ. ನಾ ಏನೂ ಅನ್ನಂಗಿಲ್ಲ. ನನಗ ಗೊತ್ತಾದ್ರ ಸಾಕು."

ಏನೂ ಅನ್ನುವುದಿಲ್ಲ ಎಂದರು. ಇಷ್ಟು ಸುಲಭದ ಬಾಗಿಲನ್ನು ಯಾರು ತಾನೇ ತೆರೆದಾರು? ನಾನು ಚಂದ್ರಣ್ಣನ ಮುಖ ನೋಡಿದೆ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಆಸೆ ಇತ್ತು—ಇವನು ಹೇಳುತ್ತಾನೆ ಎಂಬ ಆಸೆ.

"ಅಕ್ಕಾರ," ಎಂದೆ, ದನಿಯನ್ನು ಬಹಳ ಮೆತ್ತಗೆ ಮಾಡಿ, "ಅವರ ಮ್ಯಾಲ ಸಿಟ್ಟಾಗಬ್ಯಾಡ್ರಿ. ಹೆದರ್ಯಾರ. ಹೆದರಿದ ಮನಶಾ ಏನರ ಒಂದು ಹೇಳತಾನ."

ಚಂದ್ರಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಗಿರಿಜಕ್ಕ ಆ ಬಾಗಿಲನ್ನೇ ನೋಡುತ್ತ, "ಕಣ್ಣು ಹೋಗಿದ್ದಕ್ಕ ನನಗ ಇಷ್ಟು ಕೆಟ್ಟ ಅನಸಿರಲಿಲ್ರಿ," ಎಂದರು. ಆಮೇಲೆ ಸೊಸೆಗೆ ಹೇಳಿ ನನಗೆ ಅವಲಕ್ಕಿ ಕೊಡಿಸಿದರು. ನಾನು ತಿಂದೆ.

ಚಂದ್ರಣ್ಣ ಮತ್ತೆ ದಂಡೆಗೆ ಬರಲಿಲ್ಲ. ಅವರು ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವುದನ್ನೂ ಬಿಟ್ಟು ಒಳಗೆ ಬಟ್ಟೆಯ ಥಾನು ಜೋಡಿಸುತ್ತಾರೆ, ಮುಂದೆ ಮಗ ಕೂರುತ್ತಾನೆ ಎಂದು ಕೇಳಿದೆ. ಹೆಂಡತಿಯ ಕಣ್ಣು ಕಳೆದು ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಲು ಹೋದವನು ಎಂದು ಪೇಟೆಯಲ್ಲಿ ಆಡಿಕೊಳ್ಳುತ್ತಿದ್ದರು. ನಾನು ಕ್ಲಬ್ಬು ನಡೆಸಿದೆ. ಹೊಸ ದೋಣಿ ತರಿಸಿದೆ. ಹೊಸಬರಿಗೆ ಎಚ್ಚರಿಕೆಯ ಪಾಠವೆಂದು ಚಂದ್ರಣ್ಣನ ಕಥೆಯನ್ನೇ ಹೇಳಿದೆ—ಹೌದು, ಹೆಸರು ಹೇಳಿಯೇ. ನನ್ನ ದೋಣಿ ಮತ್ತೆ ತುಂಬಿ ಹೋಗುತ್ತಿತ್ತು. ನಿದ್ದೆಗೆಟ್ಟೆ, ಕೊರಗಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದೆ.

ಈ ಬೇಸಿಗೆಯಲ್ಲಿ ಚಂದ್ರಣ್ಣ ಎದೆನೋವಿನಿಂದ ತೀರಿಕೊಂಡರು. ಹಳೆಯ ಸದಸ್ಯರೆಂದು ಕ್ಲಬ್ಬಿನಲ್ಲಿ ಒಂದು ನಿಮಿಷ ಮೌನ ಆಚರಿಸಿದೆವು. ಮೌನ ಮುಗಿದ ಮೇಲೆ ದೇಶಪಾಂಡೆ ಮಾಸ್ತರರು ನನ್ನ ಹೆಗಲ ಮೇಲೆ ಕೈ ಇಟ್ಟು, "ಅವರು ನಿಮ್ಮ ಮ್ಯಾಲ ಅಂಥಾ ಅಪವಾದ ಹೊರಿಸಿದ್ರೂ ನೀವು ಒಂದು ಕೆಟ್ಟ ಮಾತ ಅನಲಿಲ್ಲ ನೋಡ್ರಿ ಗೌಡ್ರ. ದೊಡ್ಡ ಮನಸ್ಸು ನಿಮ್ಮದು," ಎಂದರು. ಎಲ್ಲರೂ ತಲೆದೂಗಿದರು. ನನ್ನ ತಲೆಯೂ ತೂಗಿತು. ಅದು ತೂಗಿದ್ದು ಗೊತ್ತಾದಾಗ—ಸತ್ತವನ ಮೇಲೆ ಇನ್ನೂ ಗೆಲ್ಲುತ್ತಿದ್ದೇನೆ ಅನ್ನಿಸಿತು. ಮಾಸ್ತರರ ಕೈಯನ್ನು ಹೆಗಲಿಂದ ಇಳಿಸಿ ದೋಣಿಗಳ ಹಿಂದೆ ಹೋದೆ.

ಮಳೆ ಹಿಡಿಯುವ ಹೊತ್ತಿಗೆ ಬೈಲಹೊಂಗಲಕ್ಕೆ ಹೋದೆ. ಗಿರಿಜಕ್ಕ ಒಬ್ಬರೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಅಳುತ್ತಾರೆ ಎಂದುಕೊಂಡೆ; ಬೈದರೆ ಒಳ್ಳೆಯದು ಎಂದುಕೊಂಡೆ.

"ಅವರಿಗೆ ನಾ ಏನೇನು ಅಂದೀನಿ, ನಿಮಗ ಗೊತ್ತೈತೇನ್ರಿ?" ಎಂದರು. "ಸುಳ್ಳ, ಹೇಡಿ ಅಂದೀನಿ. ಊಟಕ್ಕ ನೀಡೂ ಮುಂದ ಅಂದೀನಿ. ಮಕ್ಕಳ ಮುಂದ ಅಂದೀನಿ. ಎದಿ ಹಿಡಕೊಂಡು ಕುಂತ ದಿನಾನೂ, ಇದೂ ಸುಳ್ಳ ಇರಬೇಕು ಅಂದೆ ನಾ."

ಅವರು ಎದ್ದು ನನ್ನ ಮುಂದೆ ಬಂದು ನಿಂತರು.

"ನಿಮ್ಮ ಎದಿ ಹಗರಾತಲ್ಲ? ತಂದು ನನ್ನ ಎದಿ ಮ್ಯಾಲ ಇಟ್ಟು ಹೊಂಟ್ರಿ."

ಕಾಲಿಗೆ ಬೀಳಲು ಬಾಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಅದನ್ನ ಮಾಡಬ್ಯಾಡ್ರಿ. ಅವರನ್ನ ಪ್ಯಾಟಿ ಮಂದಿ ಮುಂದ ಸುಳ್ಳ ಅನಿಸೀರಿ. ಪ್ಯಾಟಿ ಮಂದಿ ಮುಂದನ ಹೇಳ್ರಿ. ನನ್ನ ಮುಂದ ಹೇಳಿ ಮುಗಸಬ್ಯಾಡ್ರಿ."

ಮೊದಲು ಕ್ಲಬ್ಬಿನವರಿಗೆ ಹೇಳಿದೆ. ಡಾಕ್ಟರು ಎದ್ದು ಹೋದರು. ಮಾಸ್ತರರು, "ನಾ ನಕ್ಕಿದ್ದೆ," ಎಂದಷ್ಟೇ ಅಂದರು. ಒಬ್ಬಿಬ್ಬರು, ಬಿಡ್ರಿ ಗೌಡ್ರ, ಹಳೇದಾತು, ಎಂದರು. ತಮ್ಮದಲ್ಲದ್ದನ್ನು ಕ್ಷಮಿಸುವುದು ಎಷ್ಟು ಸುಲಭ. ಕ್ಲಬ್ಬಿನ ಕೀಲಿಕೈ ಅಲ್ಲೇ ಮೇಜಿನ ಮೇಲೆ ಇಟ್ಟು ಬಂದೆ. ಮುಂದಿನ ಪ್ರವಾಸ ಯಾರು ನೋಡಿಕೊಳ್ಳುತ್ತಾರೋ ಕೇಳಲಿಲ್ಲ.

ಮರುದಿನ ಬೈಲಹೊಂಗಲದ ಬಸ್ಸು ಹತ್ತಿದೆ. ಪೇಟೆ ತುಂಬಿತ್ತು. ಚಂದ್ರಣ್ಣನ ಅಂಗಡಿಯ ಮುಂದೆ ರಸ್ತೆಯಲ್ಲೇ ನಿಂತು, ಅಕ್ಕಪಕ್ಕದ ಅಂಗಡಿಯವರಿಗೆ ಕೇಳುವಂತೆ ಹೇಳಿದೆ—ಚಂದ್ರಣ್ಣ ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದವನು ನಾನು, ಕಣ್ಣು ಹೋದದ್ದು ನನ್ನ ಕೈಯಿಂದ. ಜನ ಸೇರಿದರು. ಎದುರಿನ ದರ್ಜಿ ಮಷಿನ್ ನಿಲ್ಲಿಸಿ, "ಅವರು ಇದ್ದಾಗ ಎಲ್ಲಿದ್ರಿ?" ಎಂದು ಕೇಳಿದ. ಚಂದ್ರಣ್ಣನ ಮಗ ಗಲ್ಲಾದಿಂದ ಎದ್ದು ಬಂದ, ಹೊಡೆಯುತ್ತಾನೆ ಎಂದುಕೊಂಡೆ. ನನ್ನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದ.

ನಾನು ಇನ್ನೂ ನಿಂತಿದ್ದೆ. ಯಾರೂ ಹೋಗು ಎನ್ನಲಿಲ್ಲ, ಬಾ ಎನ್ನಲಿಲ್ಲ. ಅಂಗಡಿಯೊಳಗೆ ಗಿರಿಜಕ್ಕ ಗಿರಾಕಿ ಹೆಣ್ಣುಮಗಳೊಬ್ಬಳ ಮುಂದೆ ಇಳಕಲ್ ಸೀರೆ ಬಿಚ್ಚಿ ಹರಡಿ, ಸೆರಗು ತೋರಿಸುತ್ತಿದ್ದರು—ಮುಖವನ್ನು ತುಸು ಬಲಕ್ಕೆ ತಿರುಗಿಸಿ, ಉಳಿದ ಕಣ್ಣಿನಿಂದ ಅಂಚು ಸರಿಯಾಗಿದೆಯೇ ಎಂದು ನೋಡುತ್ತ.