ಕಾರಣೆ ಹಾಕದ ಮನೆ

ಅಜ್ಜಂಪುರದಿಂದ ನಮ್ಮೂರಿಗೆ ಬರುವ ಬಸ್ಸು ಹಳೇ ಕೋಟೆ ಬಾಗಿಲ ಮುಂದೆ ನಿಲ್ಲುತ್ತದೆ. ಕೋಟೆಯಲ್ಲಿ ಈಗ ಉಳಿದಿರುವುದು ಆ ಬಾಗಿಲು ಮತ್ತು ಅದರೊಳಗಿನ ಒಂದು ಬೀದಿ ಮಾತ್ರ. ಮಣ್ಣಿನ ಗೋಡೆ, ನಾಡಹೆಂಚು, ಕಲ್ಲಿನ ಜಗುಲಿ. ಗೋಡೆಗೆ ಸುಣ್ಣ, ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ, ಬಾಗಿಲ ಸುತ್ತ ಬೆರಳಗಲದ ಕೆಂಪು ಗೆರೆ. ಈ ಕೆಂಪು ಪಟ್ಟೆಗೆ, ಗೆರೆಗೆ ನಾವು ಕಾರಣೆ ಎನ್ನುತ್ತೇವೆ. ಈ ಬೀದಿಯಲ್ಲಿ ಯಾವ ಮನೆಯ ಕಾರಣೆ ನೋಡಿದರೂ ಅದು ದುರ್ಗಮ್ಮನವರ ಕೈಯದೇ.

ದುರ್ಗಮ್ಮ ಚೌಳಹಿರಿಯೂರಿನ ಹೆಣ್ಣುಮಗಳು. ಮದುವೆಯಾಗಿ ಬಂದಾಗ ಅವರಿಗೆ ಕಾರಣೆ ಬರುತ್ತಿರಲಿಲ್ಲ. ಕಲಿಸಿದ್ದು ಗಂಡನ ಅಣ್ಣನ ಹೆಂಡತಿ ಹುಚ್ಚಮ್ಮ. ಆಕೆ ಕುಳ್ಳು, ಮಾತು ಒರಟು. ಕೆಮ್ಮಣ್ಣುಗುಂಡಿ ಕಡೆ ಹೋದವರ ಕೈಯಲ್ಲಿ ಮಣ್ಣು ತರಿಸಿ, ನೆನೆಹಾಕಿ, ಹಳೇ ಪಂಚೆಯಲ್ಲಿ ಸೋಸಿ, ದುರ್ಗಮ್ಮನ ಕೈಗೆ ಕೊಡುತ್ತಿದ್ದಳಂತೆ. ಗೆರೆ ಡೊಂಕಾದರೆ, "ನಿಮ್ಮಪ್ಪನ ಹೊಲದ ಬದು ಅನ್ಕಂಡ್ಯೇನೇ ಇದು?" ಎಂದು ಬೀದಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳಂತೆ. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಒಬ್ಬರಾದ ಮೇಲೊಬ್ಬರು ಗಂಡಂದಿರನ್ನು ಕಳೆದುಕೊಂಡು, ಅದೇ ಜಗುಲಿಯ ಮೇಲೆ ಮುದುಕಿಯರಾದರು. ಊರಿನ ಗೋಡೆಗಳನ್ನೆಲ್ಲ ದುರ್ಗಮ್ಮನಿಗೆ ಬಿಟ್ಟುಕೊಟ್ಟ ಹುಚ್ಚಮ್ಮ ಸ್ವಂತ ಮನೆಯ ಕಾರಣೆಯನ್ನು ಮಾತ್ರ ಕೊನೆಯವರೆಗೂ ತಾನೇ ಹಾಕುತ್ತಿದ್ದಳು. ಅವಳ ಗೆರೆ ಬಾಗಿಲ ಮೇಲೆ ಎಡಮೂಲೆಯಲ್ಲಿ ಕೂಡುತ್ತಿರಲಿಲ್ಲ, ಗೇಣುದ್ದ ಖಾಲಿ ಬಿಟ್ಟಿರುತ್ತಿತ್ತು. ಏನೋ ಹರಕೆ ಇರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು.

ಹುಚ್ಚಮ್ಮ ಒಂದು ಶ್ರಾವಣದಲ್ಲಿ ತೀರಿಕೊಂಡಳು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಸುಣ್ಣ ಕಾರಣೆ ಮುಟ್ಟಿಸಬಾರದೆಂಬುದು ನಮ್ಮ ಬೀದಿಯ ಕಟ್ಟು. ಹೋದವರು ಅಷ್ಟು ದಿನ ಮನೆಗೆ ಬಂದು ಹೋಗುತ್ತಿರುತ್ತಾರೆ, ಗೋಡೆ ಬದಲಾದರೆ ಗುರುತು ತಪ್ಪುತ್ತದೆ ಎನ್ನುತ್ತಾರೆ. ಹಾಗಾಗಿ ಯುಗಾದಿಗೆ ಬೀದಿಯೆಲ್ಲ ಬೆಳ್ಳಗಾದಾಗ ದುರ್ಗಮ್ಮನ ಮನೆ ಮಾತ್ರ ಹುಚ್ಚಮ್ಮ ಹಾಕಿದ್ದ ಮಸುಕು ಕಾರಣೆಯಲ್ಲೇ ಉಳಿಯಿತು.

ಅದೇ ವರ್ಷ ಪಂಚಾಯ್ತಿಗೆ ಒಂದು ಸುದ್ದಿ ಬಂತು. ಹಳೆಯ ಬೀದಿಗಳನ್ನು ಇದ್ದಂತೆಯೇ ಕಾಪಾಡುವ ಯೋಜನೆಯೊಂದಿದೆ, ನೋಡಲು ಜನ ಬರುತ್ತಾರೆ, ಅವರು ಒಪ್ಪಿದರೆ ಬೀದಿಯ ಸೂರುಗಳೆಲ್ಲ ದುರಸ್ತಿಯಾಗುತ್ತವೆ ಎಂದು. ಪಂಚಾಯ್ತಿ ಮೆಂಬರ್ ಹೊನ್ನೇಶ್ ದುರ್ಗಮ್ಮನ ಪಕ್ಕದ ಮನೆಯವನೇ, ಅವರ ಜಗುಲಿಯ ಮೇಲೆ ಆಡಿ ಬೆಳೆದವನು. ಇಡೀ ಬೀದಿಯಲ್ಲಿ ಒಂದು ಮನೆ ಮಾತ್ರ ಮಂಕಾಗಿದೆಯಲ್ಲ ಎಂಬ ಕೊರಗು ಅವನಿಗೆ. ಆದರೂ ಬಾಯಿಬಿಟ್ಟು ಕೇಳಲಿಲ್ಲ. ಹುಚ್ಚಮ್ಮ ಸತ್ತ ತಾರೀಖು ಅವನಿಗೆ ನೆನಪಿತ್ತು, ಅದು ದಾಟಲಿ ಎಂದು ಕಾದ. ದಾಟಿತು. ದುರ್ಗಮ್ಮ ತವರಿಗೆ ಹೋಗಿದ್ದರು. ಬರುವಷ್ಟರಲ್ಲಿ ಮುಗಿದಿರಲಿ, ನೋಡಿ ಸಂತೋಷಪಡಲಿ ಎಂದು ತರೀಕೆರೆಯಿಂದ ಆಳು ಕರೆಸಿ ಸುಣ್ಣ ಹೊಡೆಸಿದ, ಕಾರಣೆಯನ್ನೂ ಹಾಕಿಸಿದ.

ಮರುದಿನ ಬೆಳಿಗ್ಗೆ ಬಸ್ಸಿಳಿದ ದುರ್ಗಮ್ಮ ತಮ್ಮ ಮನೆ ದಾಟಿ ಎರಡು ಮನೆ ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂದರು. ಹೊನ್ನೇಶ್ ನಗುತ್ತಾ ಎದುರಾದ.

"ವರ್ಸ ಆಯ್ತಲ್ಲ ದೊಡ್ಡಮ್ಮ, ಅದ್ಕೆ ನಾನೇ ಮಾಡಿಸ್ಬಿಟ್ಟೆ."

ದುರ್ಗಮ್ಮ ಚೀಲವನ್ನು ಜಗುಲಿಯ ಮೇಲಿಟ್ಟರು. "ಎಲ್ಲಪ್ಪಾ ಆಯ್ತು? ಈ ಸಲ ಅಧಿಕ ಶ್ರಾವಣ ಬಂದೈತೆ. ನಿಜ ಶ್ರಾವಣ ಬರ್ದೆ ಅಕ್ಕನ ತಿಥಿ ಹೆಂಗ್ ಬತ್ತದೆ?"

ಹೊನ್ನೇಶನ ನಗು ಹಾಗೇ ನಿಂತುಹೋಯಿತು. ಅಧಿಕಮಾಸ ಬಂದ ವರ್ಷ ತಿಥಿ ತಾರೀಖಿಗಿಂತ ತಡವಾಗಿ ಬರುತ್ತದೆಂಬುದು ಅವನಿಗೆ ತಿಳಿಯದ್ದೇನಲ್ಲ. ನೋಡಿದ್ದು ಮಾತ್ರ ಬರೀ ತಾರೀಖು.

"ನಾನೇ ಮನೆ ದಾಟ್ಕಂಡ್ ಹೋದೆ ನೋಡು," ಎಂದರು ದುರ್ಗಮ್ಮ. "ಅಕ್ಕ ಬಂದು ಇದ್ಯಾರ ಮನೆಯೋ ಅಂತ ಹೊಂಟೋದ್ರೆ?"

ದುರ್ಗಮ್ಮ ಬಯ್ಯಲಿಲ್ಲ. ಒಳಗೆ ಹೋಗಿ ದೇವರಿಗೆ ಕೈಮುಗಿದು, ನೀರಿನ ಚೊಂಬು ಮತ್ತು ಮೆತ್ತನೆಯ ಬಟ್ಟೆ ತಂದು, ಬಾಗಿಲ ಪಕ್ಕದಿಂದ ಹೊಸ ಸುಣ್ಣ, ಕಾರಣೆ ಒರೆಸತೊಡಗಿದರು. ಹಸಿ ಆರದ ಸುಣ್ಣ ಬಟ್ಟೆಗೆ ಬರುತ್ತಿತ್ತು. ಜೋರಾಗಿ ತಿಕ್ಕಿದರೆ ಕೆಳಗಿನದೂ ಹೋದೀತೆಂದು ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದರು.

ಯೋಜನೆಯ ಕಡೆಯಿಂದ ಬೀದಿ ನೋಡಲು ಬರಬೇಕಿದ್ದವರು ಬಂದದ್ದು ಆಗಲೇ. ಅವರಲ್ಲಿ ಅನುಪಮಾ ಎಂಬ ಹುಡುಗಿಯೊಬ್ಬಳು ಮನೆಗಳ ನಕ್ಷೆ ಬರೆಯುವವಳು. ಜಗುಲಿಯ ಮೇಲೆ ಕೆಂಪು ನೀರು ಹರಿಯುತ್ತಿರುವುದನ್ನು ಕಂಡು ಹತ್ತಿರ ಬಂದಳು. ಹೊನ್ನೇಶ್ ತಪ್ಪು ತನ್ನದೆಂದು ಎಲ್ಲ ಹೇಳಿ, ಇದೊಂದು ಮನೆಯಿಂದ ಬೀದಿಗೆ ಯೋಜನೆ ಕೈತಪ್ಪುತ್ತದೆಯೇ ಎಂದು ಕೇಳಿದ. ಅವಳು ಹೀಗೆ ಕಾರಣೆ ಹಾಕದೆ ಬಿಟ್ಟ ಮನೆ ಕಂಡರೆ ಬೀದಿಯವರು ಏನು ಮಾಡುತ್ತಾರೆ ಎಂದು ವಿಚಾರಿಸಿದಳು. ಅಂಥ ಮನೆಯ ಮುಂದೆ ಹಾಯುವಾಗ ಓಲಗ ಊದುವುದನ್ನು ನಿಲ್ಲಿಸುತ್ತೇವೆ, ಹಬ್ಬದ ಅಡುಗೆ ಮೊದಲು ಅಲ್ಲಿಗೆ ಕಳಿಸುತ್ತೇವೆ ಎಂದು ನೆರೆದ ಹೆಂಗಸರು ಹೇಳಿದರು. ಅವಳು ಜಗುಲಿಯ ತುದಿಯಲ್ಲಿ ಕೂತು ಕೇಳುತ್ತಲೇ ಇದ್ದಳು. ಗೋಡೆ ಒರೆಸಿದ ಮೇಲೆ ಹೇಗಿರುತ್ತದೋ ಹಾಗೇ ಇರಲಿ, ತಾವು ನೋಡಲು ಬಂದಿರುವುದು ಬಣ್ಣವನ್ನಲ್ಲ, ಇಂಥ ನಡವಳಿಕೆಯನ್ನು ಎಂದಳು.

ಅಷ್ಟರಲ್ಲಿ ದುರ್ಗಮ್ಮ ಬಾಗಿಲ ಮೇಲೆ ಎಡಮೂಲೆಗೆ ಬಂದಿದ್ದರು. ಸುಣ್ಣದ ಅಡಿಯಿಂದ ಹುಚ್ಚಮ್ಮನ ಗೆರೆ ಮಸುಕಾಗಿ ಎದ್ದಿತು, ಅದರ ತುದಿಯಲ್ಲಿ ಆ ಗೇಣುದ್ದದ ಖಾಲಿ. ದುರ್ಗಮ್ಮ ಬಟ್ಟೆ ಹಿಂಡಿ ಕೆಳಗಿಟ್ಟರು.

"ಸಾಕು. ಇಷ್ಟ್ ಕಂಡ್ರೆ ಅಕ್ಕಂಗೆ ಗುರ್ತಾಗ್ತದೆ."

ಆ ಖಾಲಿ ಏಕೆ, ಏನಾದರೂ ಶಾಸ್ತ್ರವೇ ಎಂದು ಅನುಪಮಾ ಕೇಳಿದಳು. ನಾವೆಲ್ಲ ಕಿವಿ ನಿಮಿರಿಸಿದೆವು.

"ಶಾಸ್ತ್ರನೂ ಇಲ್ಲ, ಏನೂ ಇಲ್ಲ ಕಣಮ್ಮ. ಅಕ್ಕ ಕುಳ್ಳಿ, ಬಲಗಡೆ ಜಗುಲಿ ಮೇಲ್ ನಿಂತು ಬಳೀವಾಗ ಆ ಮೂಲೆ ಎಟುಕ್ತಿರ್ಲಿಲ್ಲ. ನಾನ್ ಬಳೀತೀನಿ ಬಿಡು ಅಂದ್ರೆ ಬಿಡ್ತಿರ್ಲಿಲ್ಲ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದುರ್ಗಮ್ಮನೂ ನಕ್ಕರು, ಕಣ್ಣೊರೆಸಿಕೊಂಡರು.

ನಿಜ ಶ್ರಾವಣದಲ್ಲಿ ತಿಥಿ ಆಯಿತು, ಎಡೆ ಇಟ್ಟರು. ಅದಾದ ಮೇಲೆ ಒಂದು ಬೆಳಿಗ್ಗೆ ದುರ್ಗಮ್ಮ ತಮ್ಮ ಮನೆಗೆ ಮೊದಲ ಸಲ ತಾವೇ ಕಾರಣೆ ಹಾಕಿದರು. ಕೆಮ್ಮಣ್ಣಿನ ಬಕೆಟ್ಟು ಹೊನ್ನೇಶನ ಕೈಯಲ್ಲಿತ್ತು. ದುರ್ಗಮ್ಮ ಎತ್ತರದ ಹೆಂಗಸು, ಎಡಮೂಲೆ ಅವರಿಗೆ ಸಲೀಸಾಗಿ ಎಟುಕುತ್ತದೆ. ಗೆರೆ ಅಲ್ಲಿಗೆ ಬಂದಾಗ ಕೈ ನಿಲ್ಲಿಸಿ, ಗೇಣು ಹಾಕಿ ನೋಡಿ, ಅಷ್ಟು ಜಾಗ ಬಿಟ್ಟು ಜಗುಲಿಯಿಂದ ಕೆಳಗಿಳಿದರು.