ಅಕ್ಕ ಹಾಕಿದ ಗೆರೆ

ನನ್ನ ಭಾವ ನಗರಸಭೆಯಲ್ಲಿ ರಸ್ತೆಗೆ ಗೆರೆ ಹೊಡೆಯುವ ಕೆಲಸಗಾರ. ರಸ್ತೆ ನಡುವಿನ ಬಿಳಿಗೆರೆ, ಅಂಚಿನ ಹಳದಿಗೆರೆ, ಶಾಲೆ ಮುಂದಿನ ಪಟ್ಟೆ, ಗಾಡಿ ನಿಲ್ಲಿಸುವ ಚೌಕ ಎಲ್ಲವೂ ಅವರ ಕೈಯವೇ. ಬೀದಿಯವರು ಇಟ್ಟ ಹೆಸರು ಗೆರೆಯಪ್ಪ. ಭಾವ ಹಾಕಿದ ಗೆರೆಯನ್ನು ಊರು ದಾಟುವುದಿಲ್ಲ, ನನ್ನಕ್ಕ ಹಾಕಿದ ಗೆರೆಯನ್ನು ಭಾವ ದಾಟುವುದಿಲ್ಲ ಎಂಬುದು ನಮ್ಮ ಮನೆಯ ಹಳೇ ತಮಾಷೆ. ಅದನ್ನು ಕೇಳಿ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಭಾವನೇ.

ಯಾರ ಮನೆಗೆ ಹೋದರೂ ಅವರು ಮೊದಲು ನೋಡುವುದು ನೆಲವನ್ನು, ಆಮೇಲೆ ಮನುಷ್ಯರನ್ನು. ಉಗುರಿನ ಸಂದಿಯ ಬಿಳಿ ಬಣ್ಣ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. 'ಮದುವೆ ದಿನವೂ ಹಾಗೇ ಬಂದಿದ್ರು, ಸುಣ್ಣ ಹೊಡೆಯೋಕೆ ಬಂದೋರು ಅಂದ್ಕೊಂಡೆ' ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಮಾತಿನಲ್ಲಿ ಅವಳದು ಎತ್ತಿದ ಕೈ. ಭಾವನೋ, ಕೇಳಿದ್ದಕ್ಕೆ ಒಂದು, ಕೇಳದಿದ್ದಕ್ಕೆ ಅದೂ ಇಲ್ಲ.

ನಡುವಯಸ್ಸಿನಲ್ಲೇ ಅಕ್ಕನ ಕಾಲಿನ ನರಗಳು ಸೋತು, ಅವಳು ಗಾಲಿಕುರ್ಚಿ ಹಿಡಿದಳು. ಆಸ್ಪತ್ರೆಯ ಗಾಡಿ ವಾರವಾರ ಬರುತ್ತಿತ್ತು, ಆದರೆ ಬಾಗಿಲ ಮುಂದೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಇಂಥವರಿಗಾಗಿ ನಗರಸಭೆಯಲ್ಲಿ ಒಂದು ಏರ್ಪಾಟಿದೆ. ನಡೆಯಲಾಗದವರ ಮನೆ ಮುಂದೆ ಬಿಳಿ ಚೌಕ ಬರೆಯುತ್ತಾರೆ, ಅಲ್ಲಿ ಬೇರೆಯವರ ಗಾಡಿ ನಿಲ್ಲುವಂತಿಲ್ಲ. ಒಂದು ಬೀದಿಗೆ ಎರಡೇ ಚೌಕ. ಆ ಚೌಕ ಮನೆಗೆ ಸೇರಿದ್ದಲ್ಲ, ಮನುಷ್ಯರಿಗೆ ಸೇರಿದ್ದು. ಮನುಷ್ಯ ಹೋದರೆ ಚೌಕದ ಮೇಲೆ ಕರಿ ಬಳಿಯುತ್ತಾರೆ. ಬರೆಯುವವರೂ ಬಳಿಯುವವರೂ ನನ್ನ ಭಾವನೇ.

ಹೆಂಡತಿಯ ಚೌಕವನ್ನು ಬರೆದ ದಿನ ಅವರು ಬೆವರಿದಷ್ಟು ಹೆದ್ದಾರಿಗೆ ಗೆರೆ ಹೊಡೆದಾಗಲೂ ಬೆವರಿರಲಿಕ್ಕಿಲ್ಲ. ಅಕ್ಕ ಕಿಟಕಿಯಲ್ಲಿ ಕೂತು ಮೇಸ್ತ್ರಿಕೆ ಮಾಡಿದಳು.

"ಎಡಗಡೆ ಸೊಟ್ಟ."

"ದಾರ ಹಿಡಿದೇ ಹೊಡೀತಿದೀನಿ ಕಣೇ."

"ಹಾಗಾದ್ರೆ ದಾರಾನೇ ಸೊಟ್ಟ."

ಅಂದಿನಿಂದ ಆ ಚೌಕಕ್ಕೆ ಅವಳೇ ಕಾವಲು. ಕಿಟಕಿಯ ಕಟ್ಟೆ ಮೇಲೆ ಒಂದು ಸ್ಟೀಲ್ ಚಮಚ ಇಟ್ಟುಕೊಂಡಿದ್ದಳು. ಯಾವ ಗಾಡಿಯ ಮೂಗು ಒಳಗೆ ಬಂದರೂ ಗಾಜಿಗೆ ಟಣಟಣ ಬಡಿದು, "ರೀ, ಚೌಕ ಕಾಣ್ಸಲ್ವಾ?" ಎಂದು ಕೂಗುತ್ತಿದ್ದಳು. ಎದುರು ಮನೆಯ ವ್ಯಾನಿನವನಿಗೂ ಅವಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅವನು ಕುರ್ಚಿ ಮಂಚ ಸಾಗಿಸುವವನು, ಗೋಡೆಯಷ್ಟು ಎತ್ತರದ ವ್ಯಾನು, ಅದಕ್ಕೊಂದು ಜಾಗ ಸಿಗದೆ ಬೀದಿ ಬೀದಿ ಸುತ್ತುತ್ತಿದ್ದ. ಬೀದಿಯ ಪುಂಡರು ಚೌಕದಲ್ಲಿ ಬಾಟಲಿ ಒಡೆದು ಹೋಗುವುದೂ ಇತ್ತು. ಒಮ್ಮೆ ಗಾಲಿಕುರ್ಚಿಯ ಟೈರಿಗೆ ಗಾಜು ಚುಚ್ಚಿತು. ದೂರು ಕೊಟ್ಟರೆ ನಗರಸಭೆಯವರು ಬಂದು 'ಇಲ್ಲಿ ಅಸಭ್ಯವಾಗಿ ವರ್ತಿಸಬಾರದು' ಎಂಬ ಫಲಕ ನೆಟ್ಟು ಹೋದರು. ಮುಂದಿನ ವಾರ ಪುಂಡರು ಅದೇ ಫಲಕಕ್ಕೆ ಒರಗಿಕೊಂಡು ಕುಡಿದರು. ಗಾಜು ಗುಡಿಸುವ ಕೆಲಸ ಮಾತ್ರ ಭಾವನಿಗೇ ಉಳಿಯಿತು.

ಒಂದು ಸಂಜೆ ಭಾವ ಸಪ್ಪೆ ಮುಖ ಹೊತ್ತು ಬಂದರು. ನಾನೂ ಅಲ್ಲೇ ಇದ್ದೆ. ಯಾವುದೋ ಮನೆ ಮುಂದೆ ಕರಿ ಬಳಿಯುವಾಗ ಮುದುಕರೊಬ್ಬರು ಹೊರಗೆ ಬಂದು, 'ಇನ್ನೊಂದು ವಾರ ಬಿಡಪ್ಪ, ಮಗ ಹೋಗಿ ಇನ್ನೂ ತಿಂಗಳಾಗಿಲ್ಲ' ಎಂದು ಬೇಡಿಕೊಂಡರಂತೆ.

"ನೀವೇನಂದ್ರಿ?" ಅಕ್ಕ ಕೇಳಿದಳು.

"ನನ್ನ ಕೈಲಿ ಏನಿದೆ? ಆರ್ಡರ್ ಇದೆ ಅಂದೆ."

ಅಕ್ಕ ಎಂದಿನಂತೆ ಜೋರು ಮಾಡಲಿಲ್ಲ. ಇಷ್ಟೇ ಹೇಳಿದಳು: "ನಂದನ್ನ ಬೇರೆಯವ್ರ ಕೈಲಿ ಅಳಿಸ್ಬೇಡಿ. ಅವರು ಗೋಡೆಗೆ ಸಗಣಿ ಬಡಿದ ಹಾಗೆ ಬಳೀತಾರೆ. ನೀವೇ ಮಾಡಿ, ನೀಟಾಗಿ." ಭಾವ "ಹೂಂ" ಎಂದರು. ಮಾತು ಅಲ್ಲಿಗೆ ಮುಗಿಯಿತು, ನಾವೆಲ್ಲ ಊಟಕ್ಕೆ ಕೂತೆವು.

ಅಕ್ಕ ಹೋದಳು. ಚೌಕ ಉಳಿಯಿತು. ಬೀದಿಯವರು ನಾಚಿಕೆಗೋ ಅಭ್ಯಾಸಕ್ಕೋ ಅಲ್ಲಿ ಗಾಡಿ ನಿಲ್ಲಿಸಲಿಲ್ಲ, ವ್ಯಾನಿನವನೂ ನಿಲ್ಲಿಸಲಿಲ್ಲ. ಭಾವ ಕೆಲಸದಿಂದ ಬಂದು ಅವಳು ಕೂರುತ್ತಿದ್ದ ಕಡೆ ಕೂತು, ಖಾಲಿ ಚೌಕ ನೋಡುತ್ತಾ ಟೀ ಕುಡಿಯುತ್ತಿದ್ದರು. ಅದೊಂದನ್ನಾದರೂ ಅವರಿಗೆ ಉಳಿಸಿಕೊಡಬೇಕೆಂದು ನಾನು ನಗರಸಭೆಗೆ ಹೋಗಿ ಅವರ ಮೇಸ್ತ್ರಿಯನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಪುಣ್ಯಾತ್ಮ ಒಳ್ಳೆಯವನು. "ನಮ್ಮ ಗೆರೆಯಪ್ಪನ ಮನೆ ಅಲ್ವಾ, ನಾನು ನೋಡೇ ಇಲ್ಲ ಅಂದ್ಕೊಳ್ಳಿ. ಅವರಾಗಿ ಬಂದು ಅಳಿಸ್ತೀನಿ ಅನ್ನೋವರೆಗೂ ಇರ್ಲಿ" ಎಂದ. ನಾನು ಗೆದ್ದವಳ ಹಾಗೆ ಮನೆಗೆ ಬಂದೆ.

ಬೀದಿಯ ಕೊನೆಯಲ್ಲೊಬ್ಬ ಬಟ್ಟೆ ಹೊಲಿಯುವಾಕೆ ಇದ್ದಾಳೆ. ಸಕ್ಕರೆ ಕಾಯಿಲೆಯಿಂದ ಅವಳ ಒಂದು ಪಾದ ತೆಗೆದಿದ್ದರು. ಅವಳೂ ಚೌಕ ಕೇಳಿದ್ದಳು. ಬೀದಿಯ ಎರಡೂ ಚೌಕ ತುಂಬಿವೆ, ಒಂದು ಖಾಲಿಯಾಗಲಿ ಎಂದು ಕಚೇರಿಯವರು ಹೇಳಿದ್ದರು. ಭಾವ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅವಳ ಗಂಡ ಆಸ್ಪತ್ರೆಯ ಗಾಡಿ ಹತ್ತಿಸಲು ಅವಳನ್ನು ಬೆನ್ನ ಮೇಲೆ ಹೊತ್ತು ಮುಖ್ಯರಸ್ತೆಗೆ ಹೋಗುತ್ತಿದ್ದನಂತೆ. ನಮ್ಮ ಚೌಕದ ಹತ್ತಿರ ಬಂದು, ಸುಧಾರಿಸಿಕೊಳ್ಳಲು ಅವಳನ್ನು ಫಲಕಕ್ಕೆ ಒರಗಿಸಿ ನಿಂತ. ಎದುರಿಗೆ ಬರೀ ಖಾಲಿ ಚೌಕ. ಅವರಿಬ್ಬರೂ ಭಾವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಭಾವ ಆಮೇಲೆ ನನಗೆ ಹೇಳಿದರು.

ಅಂದೇ ಅವರು ಮೇಸ್ತ್ರಿಗೆ ಹೇಳಿ ಅಕ್ಕನ ಚೌಕ ಅಳಿಸುವ ಕೆಲಸ ಕೇಳಿ ತಂದರು. ನನಗೆ ಮೈಯೆಲ್ಲ ಉರಿಯಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ! ಅವಳದ್ದು ಅಂತ ಇದೊಂದು ಉಳಿದಿತ್ತು. ಅದನ್ನೂ ಕೊಡ್ತೀರಾ?"

"ಅವಳದ್ದೇ ಆಗಿದ್ರೆ ಕೊಡ್ತಿರ್ಲಿಲ್ಲ" ಎಂದರು ಭಾವ. "ಅವಳಿಲ್ಲ."

"ಹೋಗಲಿ, ಬೇರೆ ಯಾರಾದ್ರೂ ಬಳೀಲಿ."

"ನೀಟಾಗಿ ಮಾಡಿ ಅಂದಿದ್ಲಲ್ಲ. ನೀನೂ ಕೇಳಿಸ್ಕೊಂಡಿದ್ದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಸತ್ತ ಮೇಲೂ ಅವಳ ಗೆರೆ ದಾಟದ ಗಂಡಸಿಗೆ ಏನು ಹೇಳಲಿ?

ಮರುದಿನ ಅವರು ರಸ್ತೆ ಗುಡಿಸಿ, ದಾರ ಕಟ್ಟಿ, ಕರಿ ಬಣ್ಣದ ಡಬ್ಬ ತೆರೆದರು. ಅಳಿಸುವುದಕ್ಕೆ ಯಾರೂ ದಾರ ಕಟ್ಟುವುದಿಲ್ಲ, ಭಾವ ಕಟ್ಟಿದರು. ಮೊಣಕಾಲೂರಿ, ಅಂಚಿನಿಂದ ಆಚೆ ಒಂದು ಹನಿಯೂ ಹೋಗದ ಹಾಗೆ ಬಳಿದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಎಡಗಡೆಯ ಗೆರೆ ಮುಗಿದಾಗ ಅವರು ತಲೆಯೆತ್ತಿ ಕಿಟಕಿಯತ್ತ ನೋಡಿದರು. ಸೊಟ್ಟ ಎಂದು ಹೇಳಬೇಕಾದವಳು ಅಲ್ಲಿರಲಿಲ್ಲ, ಹೇಳುವ ಧೈರ್ಯ ನನಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಳ್ಳುಗಾಡಿ ತಳ್ಳಿಕೊಂಡು ಬೀದಿಯ ಕೊನೆಗೆ ಹೋಗಿ ಹೊಲಿಗೆಯಾಕೆಗೆ ಹೊಸ ಚೌಕ ಬರೆದರು. ಆಕೆ ಎರಡೂ ಕೈ ಮುಗಿದಳಂತೆ, ಇವರು ನೆಲ ನೋಡಿದರಂತೆ.

ಮೊನ್ನೆ ಭಾನುವಾರ ನಾನು ಭಾವನ ಮನೆಗೆ ಊಟಕ್ಕೆ ಹೋಗಿದ್ದೆ. ಅನ್ನ ಕಲಸಿಕೊಂಡು ಕೂತಿದ್ದೆವು. ಹೊರಗೆ ಇಂಜಿನ್ ಸದ್ದಾಯಿತು, ಹಿಮ್ಮುಖವಾಗಿ ಬರುತ್ತಿದ್ದ ವ್ಯಾನು ಕಿಟಕಿಯ ಬೆಳಕನ್ನು ಮೆಲ್ಲಗೆ ಮುಚ್ಚತೊಡಗಿತು. ಭಾವ ಎಂಜಲು ಕೈಯಲ್ಲೇ ಎದ್ದರು. ಎಡಗೈಯಲ್ಲಿ ಕಟ್ಟೆ ಮೇಲಿನ ಚಮಚ ತೆಗೆದುಕೊಂಡು ಗಾಜಿಗೆ ಟಣಟಣ ಬಡಿದರು.

"ರೀ, ಚೌಕ ಕಾಣ್ಸಲ್ವಾ?"

ಜೀವಮಾನದಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ವ್ಯಾನು ನಿಂತಿತು. ಎದುರು ಮನೆಯವನು ತಲೆ ಹೊರಗೆ ಹಾಕಿದ. ಅವನಿಗೆ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಮೆತ್ತಗೆ ಕೇಳಿದ:

"ಚೌಕ ಎಲ್ಲಿದೆ ಅಣ್ಣ? ನೀವೇ ಅಳಿಸಿದ್ರಲ್ಲ. ಬೇಕಿದ್ರೆ ತೆಗೀತೀನಿ, ಬಿಡಿ."

ಭಾವ ಕೈಯಲ್ಲಿದ್ದ ಚಮಚ ನೋಡಿದರು, ಆಮೇಲೆ ರಸ್ತೆ ನೋಡಿದರು.

"ಬೇಡ, ನಿಲ್ಲಿಸ್ಕೊ" ಎಂದರು. "ಅಲ್ಲಿ ಈಗ ಏನೂ ಇಲ್ಲ."

ವ್ಯಾನು ಪೂರ್ತಿ ಒಳಗೆ ಬಂತು. ಕೋಣೆಯಲ್ಲಿ ತಟ್ಟೆಯ ಅನ್ನ ಕಾಣದಷ್ಟು ಕತ್ತಲೆಯಾಯಿತು. ನಾನು ಎದ್ದು ದೀಪ ಹಾಕಿದೆ. ಭಾವ ಆ ಚಮಚವನ್ನು ತೊಳೆದು ಒರೆಸಿ, ಅಡುಗೆಮನೆಯಲ್ಲಿ ಉಳಿದ ಚಮಚಗಳ ಜೊತೆ ಇಟ್ಟರು.